ನಾಲ್ಕು ಪದಗಳಲ್ಲಿ ಒಂದು

ಮೀನಿನ ಕಣ್ಣು ನನಗೆ ಗೊತ್ತು.
ಮತೊಸಿನ್ಯೋಶ್ ಬಂದರಿನ ಹರಾಜುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ,
ಬೆಳಗಿನ ನಾಲ್ಕಕ್ಕೆ, ಮಂಜುಗಡ್ಡೆಯೊಳಗೆ ಕೈಯಿಟ್ಟು:
ಉಬ್ಬಿ ಹೊಳೆದರೆ ನಿನ್ನೆ ರಾತ್ರಿಯದು.
ಹಾಲುಗಟ್ಟಿದ್ದರೆ ಮೂರು ದಿನದ್ದು.
ಒಳಗೆ ಕುಸಿದಿದ್ದರೆ, ಮಾರುವವನು ಎಷ್ಟೇ ಆಣೆಯಿಟ್ಟರೂ
ಬೆಕ್ಕಿಗೆ.

ಡಾಕ್ಟರ್ ತೆಲ್ಮು ಮೇಜಿನ ಮೇಲೆ ಫೋಟೋ ಇಡುತ್ತಾನೆ.
ಮೂಗಿಲ್ಲ, ಬಾಯಿಲ್ಲ, ಬರೀ ಒಂದು ಜೊತೆ ಕಣ್ಣು,
ಅಂಚೆಡಬ್ಬಿಯ ಕಿಂಡಿಯೊಳಗಿಂದ ಯಾರೋ ನೋಡಿದ ಹಾಗೆ.
ಸುತ್ತ ನಾಲ್ಕು ಪದ:
ಅಸೂಯೆ, ಗಾಬರಿ, ತಮಾಷೆ, ಬೇಸರ.
ಒಂದನ್ನು ಆರಿಸಿ ದೆವೊಲಿಂದಾ ಅಮ್ಮ, ಅವಸರವಿಲ್ಲ.
ಹೆಂಗಸು, ಐವತ್ತರ ಆಚೆ, ಹುಬ್ಬು ತೀಡಿದ್ದಾಳೆ,
ಎಡಗಣ್ಣಿಗೆ ಪೊರೆ ಶುರುವಾಗಿದೆ, ತೋರಿಸಿಕೊಳ್ಳಲಿ;
ಅಷ್ಟು ಹೇಳಬಲ್ಲೆ.
ಅವನು ಏನೋ ಬರೆದುಕೊಳ್ಳುತ್ತಾನೆ.
ಅವನ ಕಣ್ಣಲ್ಲೂ ಏನೋ ಇದೆ, ಅದರ ಸುತ್ತ ಪದಗಳಿಲ್ಲ.

ಮೂರ್ಛೆ ನನ್ನಲ್ಲಿಗೆ ಬಂದದ್ದು ಒಂಬತ್ತನೇ ವಯಸ್ಸಿಗೆ.
ಮೊದಲು ಹೊಟ್ಟೆಯಿಂದ ಒಂದು ಲಿಫ್ಟ್ ಮೇಲೇರುತ್ತದೆ,
ಆಮೇಲೆ ಸುಟ್ಟ ರಬ್ಬರಿನ ವಾಸನೆ,
ಆಮೇಲೆ ನಾನಿಲ್ಲದ ಒಂದೂವರೆ ನಿಮಿಷ.
ಮರಳಿದಾಗ ಸುತ್ತ ನಿಂತ ಮುಖಗಳು
ಆಗಲೇ ಏನನ್ನೋ ತೀರ್ಮಾನಿಸಿಬಿಟ್ಟಿರುತ್ತಿದ್ದವು.
ಬಹುಶಃ ಆ ಒಂದೂವರೆ ನಿಮಿಷಗಳಲ್ಲೇ
ಉಳಿದವರು ಕಣ್ಸನ್ನೆಯ ಪಾಠ ಕಲಿತರೇನೋ,
ನಾನು ಗೈರುಹಾಜರು.
ತೆಲ್ಮು ಹಾಗಲ್ಲ ಅನ್ನುತ್ತಾನೆ. ಬಲಗಿವಿಯ ಹಿಂದೆ, ಒಳಗೆ,
ಒಂದು ಕಲೆ ಇದೆಯಂತೆ, ಬಟಾಣಿಯಷ್ಟು.
ಮುಖಗಳ ಕೆಲಸ ಅಲ್ಲೇ ನಡೆಯುತ್ತದಂತೆ.

ನಾದಿನಿ ಝುಲ್ಮೀರಾ "ಹೊತ್ತಾಯಿತಲ್ಲ" ಅಂದಳು.
ಗಡಿಯಾರ ನೋಡಿ, ಹೌದು, ಹನ್ನೊಂದೂ ಹತ್ತು ಅಂದೆ,
ಇನ್ನೊಂದು ಲೋಟ ಸುರಿದುಕೊಂಡೆ.
ಅದಕ್ಕೆ ಆರು ವರ್ಷ. ಈಗಲೂ ಕ್ರಿಸ್‌ಮಸ್‌ಗೆ ಆ ಕಥೆ ಬರುತ್ತದೆ,
ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ,
ಅರ್ಧ ಕ್ಷಣ ತಡವಾಗಿ.

ಇಲೀದಿಯು ಒಳ್ಳೆಯವನು. ಬಂದವನೇ ಬಾಗಿಲಲ್ಲೇ ಹೇಳುತ್ತಾನೆ:
"ಸಿಟ್ಟು ಬಂದಿದೆ. ನಿನ್ನ ಮೇಲಲ್ಲ. ಬಸ್ಸಿನವನ ಮೇಲೆ."
ಕೋಟಿಗಿಂತ ಮೊದಲು ಸಿಟ್ಟನ್ನು ಗೂಟಕ್ಕೆ ನೇತುಹಾಕುತ್ತಾನೆ.
ಒಮ್ಮೊಮ್ಮೆ ಹೇಳಲು ಮರೆಯುತ್ತಾನೆ. ಆಗ ಸೂಪು ಬಡಿಸುತ್ತಾ
ಅವನ ಕುತ್ತಿಗೆ ನೋಡುತ್ತೇನೆ. ಕುತ್ತಿಗೆ ಸ್ವಲ್ಪ ಹೇಳುತ್ತದೆ.

ಅಮಾದೇವುವಿನ ಮಗ ಸಮುದ್ರದಲ್ಲಿ ಹೋದದ್ದು ಫೆಬ್ರವರಿಯಲ್ಲಿ.
ಹನ್ನೊಂದು ದಿನದ ಮೇಲೆ ಅಮಾದೇವು ಹರಾಜಿಗೆ ಬಂದ.
ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಎಲ್ಲರೂ
ಸಾರ್ಡೀನಿನ ದರ ಮಾತಾಡಿದರು, ಡೀಸೆಲಿನ ದರ ಮಾತಾಡಿದರು,
ಬಂಡೆಯನ್ನು ನೀರು ಬಳಸುವ ಹಾಗೆ ಅವನನ್ನು ಬಳಸಿ ಹೋದರು.
ನಾನು ಕೇಳಿದೆ:
"ಹುಡುಗನ ರಬ್ಬರ್ ಬೂಟು ನಲವತ್ತೆರಡಾ?
ನನ್ನ ಅಕ್ಕನ ಮಗ ದೋಣಿ ಸೇರಿದ್ದಾನೆ, ಅವನ ಕಾಲೂ ಅಷ್ಟೇ."

ತಕ್ಕಡಿಯ ಹತ್ತಿರ ಇದ್ದವರೂ ಸುಮ್ಮನಾದರು.
ಅಮಾದೇವು ನನ್ನನ್ನು ನೋಡಿದ. ನಾನು ಅವನ ಕಣ್ಣು ನೋಡಿದೆ,
ಚೆನ್ನಾಗಿ ನೋಡಿದೆ, ಮೀನು ನೋಡುವಷ್ಟು ನೋಡಿದೆ:
ಕೆಂಪು, ಒದ್ದೆ, ಒಳಗೆ ಕುಸಿದದ್ದು.
ಅದರ ಮುಂದಕ್ಕೆ ನನಗೆ ಬಾರದು.

ಝುಲ್ಮೀರಾ ಅಂದಳು, ನಿನ್ನದು ಕಲ್ಲಿನ ಎದೆ.
ಇಲೀದಿಯು ಏನೂ ಅನ್ನಲಿಲ್ಲ, ಅಂದು ಅವನ ಕುತ್ತಿಗೆಯೂ.
ಕಲ್ಲಾಗಿದ್ದರೆ ನಿದ್ದೆ ಬರುತ್ತಿತ್ತು.

ಗುರುವಾರ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಬೂಟು.
ನಲವತ್ತೆರಡಲ್ಲ, ನಲವತ್ತಮೂರು.
ತೊಳೆದದ್ದು, ಒಳಗೆ ಹಳೆ ಪತ್ರಿಕೆ ತುರುಕಿದ್ದು,
ಎಡಗಾಲಿನ ಹಿಮ್ಮಡಿಗೆ ಹೊಸ ತೇಪೆ.
ಚೀಟಿ ಇಲ್ಲ. ಪತ್ರಿಕೆಯನ್ನೆಲ್ಲ ಬಿಡಿಸಿ ಹುಡುಕಿದೆ, ಇಲ್ಲ.

ಕ್ಷಮೆಯೋ, ಕೋಪವೋ. ಇನ್ನು ಇವನ್ನು ಕಾಣಲಾರೆ ಎಂದೋ.
ಬೂಟಿಗೆ ಕಣ್ಣಿಲ್ಲ.
ಡಾಕ್ಟರೇ, ನಾಲ್ಕು ಪದ ಕೊಡಿ,
ಅವಸರವಿಲ್ಲ.
ಒಲೆಯ ಪಕ್ಕದಲ್ಲಿ ಇಟ್ಟಿದ್ದೇನೆ,
ಅಕ್ಕನ ಮಗನಿಗೆ ಇನ್ನೂ ಕೊಟ್ಟಿಲ್ಲ,
ತೇಪೆ ಒಣಗಲಿ.